ಇವತ್ತು ಮಗುವನ್ನು ಶಾಲೆಗೆ ಕಳಿಸಬಹುದೇ?

ಬೆಳಗ್ಗೆ ಮಗು ‘ಹುಷಾರಿಲ್ಲ’ ಅಂದಾಗ ಹಣೆ ಮುಟ್ಟಿ ತೀರ್ಮಾನಿಸಬೇಡಿ. ಹೊದಿಕೆಯಿಂದ ಆಗಷ್ಟೇ ಎದ್ದ ಮಗುವಿನ ಹಣೆ ಹೇಗೂ ಬೆಚ್ಚಗಿರುತ್ತದೆ. ನಿಮ್ಮ ಕೈ ತಣ್ಣಗಿದ್ದರಂತೂ ಇನ್ನೂ ಬಿಸಿ ಅನ್ನಿಸುತ್ತದೆ. ಥರ್ಮಾಮೀಟರ್ ಇಟ್ಟೇ ನೋಡಿ. ಕಂಕುಳ ಬೆವರು ಒರೆಸಿ, ತುದಿ ಬಟ್ಟೆಗೆ ತಾಗದೆ ಚರ್ಮಕ್ಕೇ ತಾಗುವಂತೆ ಇಟ್ಟು, ತೋಳನ್ನು ಎದೆಗೆ ಒತ್ತಿ ಹಿಡಿದು, ಬೀಪ್ ಬರುವ ತನಕ ಕಾಯಿರಿ. ಬಾಯಲ್ಲಿಟ್ಟು ನೋಡುವುದಾದರೆ ಬಿಸಿಯದೋ ತಣ್ಣನೆಯದೋ ಕುಡಿದು ಅರ್ಧ ಗಂಟೆ ಆಗಿರಬೇಕು. ಕಂಕುಳಲ್ಲಿ ಬಾಯಿಗಿಂತ ಅರ್ಧದಿಂದ ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ಬರುತ್ತದೆ ಎಂಬುದು ನೆನಪಿರಲಿ.

100.4 ಡಿಗ್ರಿ, ಅಂದರೆ 38 ಸೆಲ್ಸಿಯಸ್, ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅವತ್ತು ಶಾಲೆ ಬೇಡ.

ಹೆಚ್ಚಿನವರು ಎಡವುವುದು ಇಲ್ಲೇ. ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿಸಿ ಕಳಿಸುತ್ತಾರೆ. ಆ ಔಷಧ ಕೆಲಸ ಮಾಡುವುದು ನಾಲ್ಕರಿಂದ ಆರು ಗಂಟೆ. ಏಳೂವರೆಗೆ ಕೊಟ್ಟರೆ ಮಧ್ಯಾಹ್ನದ ಹೊತ್ತಿಗೆ ಜ್ವರ ಮತ್ತೆ ಏರುತ್ತದೆ, ಅಷ್ಟರಲ್ಲಿ ಪಕ್ಕದಲ್ಲಿ ಕೂತ ಮಕ್ಕಳಿಗೂ ಸೋಂಕು ದಾಟಿರಬಹುದು. ಔಷಧ ಜ್ವರವನ್ನು ಇಳಿಸುತ್ತದೆ, ಸೋಂಕನ್ನಲ್ಲ. ಹಾಗಾಗಿ ಔಷಧವಿಲ್ಲದೆ 24 ಗಂಟೆ ಜ್ವರ ಬಾರದಿರಬೇಕು. ಮಂಗಳವಾರ ರಾತ್ರಿ ಹತ್ತಕ್ಕೆ ಕೊನೆಯ ಡೋಸ್ ಕೊಟ್ಟಿರಿ ಅನ್ನಿ. ಅದರ ಪ್ರಭಾವ ಬೆಳಗಿನ ಜಾವ ನಾಲ್ಕರವರೆಗೂ ಇರುತ್ತದೆ. ಲೆಕ್ಕ ಅಲ್ಲಿಂದ ಶುರು. ಬುಧವಾರ ಎದ್ದಾಗ 98.4 ಇದ್ದರೂ ಅವತ್ತು ಮನೆಯಲ್ಲೇ ಇರಲಿ. ದಿನವಿಡೀ ಜ್ವರ ಬಾರದಿದ್ದರೆ ಗುರುವಾರ ಕಳಿಸಿ.

ಕೆಮ್ಮಿ ಕೆಮ್ಮಿ ಒಂದು ಸಲ ಕಕ್ಕಿದರೆ ಅದು ಬೇರೆ ಮಾತು. ಒಂದು ದಿನದಲ್ಲಿ ಎರಡು ಸಲಕ್ಕಿಂತ ಹೆಚ್ಚು ವಾಂತಿಯಾದರೆ, ಅಥವಾ ನೀರು ನೀರಾಗಿ ಭೇದಿಯಾದರೆ ಕಳಿಸಬೇಡಿ. ನಿಂತ ಮೇಲೂ ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ ಕಾಯಿರಿ. ಮಗು ಗೆಲುವಾದ ಮೇಲೂ ಮಲದಲ್ಲಿ ವೈರಸ್ ಹೋಗುತ್ತಲೇ ಇರುತ್ತದೆ. ವಾಂತಿ-ಭೇದಿ ತರುವ ನೊರೋವೈರಸ್‌ಗೆ ಸ್ಯಾನಿಟೈಸರ್ ಸಾಲದು, ಸೋಪು ನೀರಿನಿಂದಲೇ ಕೈ ತೊಳೆಸಬೇಕು. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಸುರಿಯಿರಿ. ನೀರು ಕಡಿಮೆಯಾದರೆ ಮೈಯಲ್ಲಿ ಉಪ್ಪಿನಂಶ ಏರಿ ಅಪಾಯವಾಗುತ್ತದೆ. ಕುಡಿದದ್ದನ್ನು ಕಕ್ಕಿದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಕೊಡಿ.

ಕೆಲವು ರೋಗಗಳಿಗೆ ದಿನದ ಲೆಕ್ಕವೇ ಇದೆ. ಸೀತಾಳೆ ಸಿಡುಬಿನಲ್ಲಿ ಕೊನೆಯ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟಬೇಕು. ದಡಾರದಲ್ಲಿ ಗಂಧೆ ಎದ್ದ ಮೇಲೆ ನಾಲ್ಕು ದಿನ, ಮಂಗನಬಾವಿನಲ್ಲಿ ಕೆನ್ನೆ ಊದಿದ ಮೇಲೆ ಐದು ದಿನ, ನಾಯಿಕೆಮ್ಮಿನಲ್ಲಿ ಆ್ಯಂಟಿಬಯಾಟಿಕ್ ಶುರುವಾಗಿ ಐದು ದಿನ. ಕಣ್ಣು ಕೆಂಪಾಗಿ ಕೀವು ಬರುತ್ತಿದ್ದರೆ ವೈದ್ಯರಿಗೆ ತೋರಿಸಿಯೇ ಕಳಿಸಿ, ಚಿಕ್ಕ ಮಕ್ಕಳು ಕಣ್ಣುಜ್ಜದೆ ಇರಲಾರರು.

ಹಾಗೆಂದು ಸಣ್ಣ ನೆಗಡಿಗೆಲ್ಲ ರಜೆ ಹಾಕಿಸಬೇಡಿ. ಜ್ವರವಿಲ್ಲದೆ ಮೂಗು ಸೋರುತ್ತಿದ್ದು, ತಿಂದು ಆಡಿಕೊಂಡಿದ್ದರೆ ಕಳಿಸಬಹುದು. ಸಿಂಬಳ ಹಸಿರಾದ ಮಾತ್ರಕ್ಕೆ ಆ್ಯಂಟಿಬಯಾಟಿಕ್ ಬೇಕೆಂದಲ್ಲ. ತಲೆಯಲ್ಲಿ ಹೇನು ಕಂಡರೂ ಮನೆಯಲ್ಲಿ ಕೂರಿಸಬೇಕಿಲ್ಲ, ಸಂಜೆ ಔಷಧ ಹಚ್ಚಿ ಬಾಚಿದರಾಯಿತು. ಆದರೆ ರಾತ್ರಿಯಿಡೀ ಕೆಮ್ಮಿ ನಿದ್ದೆಗೆಟ್ಟ ಮಗುವಿಗೆ ತರಗತಿಯಲ್ಲಿ ಏನೂ ತಲೆಗೆ ಹೋಗುವುದಿಲ್ಲ, ಅದು ಮಲಗಲಿ. ಜ್ವರವಿಲ್ಲದೆ ಪ್ರತಿ ಸೋಮವಾರ, ಇಲ್ಲವೇ ಪರೀಕ್ಷೆಯ ದಿನವೇ ಹೊಟ್ಟೆನೋವು ಬರುತ್ತಿದ್ದರೆ ಗದರಬೇಡಿ. ನೋವು ಸುಳ್ಳಲ್ಲ, ಹೆದರಿಕೆಯಿಂದಲೂ ಹೊಟ್ಟೆ ನೋಯುತ್ತದೆ. ಶಾಲೆಯಲ್ಲಿ ಏನಾಗುತ್ತಿದೆ ಎಂದು ಸಮಾಧಾನವಾಗಿ ಕೇಳಿ.

ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಒಳಕ್ಕೆ ಎಳೆದುಕೊಳ್ಳುತ್ತಿದ್ದರೆ, ಕುತ್ತಿಗೆ ಬಗ್ಗಿಸಲಾಗದಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಎಂಟು ಗಂಟೆಯಿಂದ ಮೂತ್ರವೇ ಆಗಿಲ್ಲದಿದ್ದರೆ, ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು ಚುಕ್ಕೆಗಳಿದ್ದರೆ ಶಾಲೆಯ ಮಾತು ಬಿಟ್ಟು ಆಸ್ಪತ್ರೆಗೆ ಹೊರಡಿ.

ಮನೆಯಲ್ಲಿ ಉಳಿಸಿಕೊಂಡರೆ ಶಾಲೆಗೆ ಕಾಯಿಲೆಯ ಹೆಸರನ್ನೇ ತಿಳಿಸಿ, ಬೇರೆ ಮಕ್ಕಳ ಮೇಲೂ ಅವರು ಕಣ್ಣಿಡಬಹುದು. ಮತ್ತೆ ಕಳಿಸುವ ದಿನ ಕೊನೆಯ ಡೋಸ್ ಕೊಟ್ಟ ಹೊತ್ತು ಮತ್ತು ಕರೆದರೆ ಬಂದು ಕರೆದೊಯ್ಯಬಲ್ಲವರ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಟೀಚರ್ ಕೈಗೆ ಕೊಡಿ.