ತ್ರ್ಯಂಬಕಕ್ಕೆ ಹೋಗದ ನಾಸಿಕ್ ಪ್ರಯಾಣ

ಧಾರವಾಡದ ಮನೆಗಳಲ್ಲಿ ನಾಸಿಕ್ ಎಂದರೆ ತ್ರ್ಯಂಬಕೇಶ್ವರ, ಪಂಚವಟಿ, ಹಾಗೆಯೇ ಶಿರಡಿ, ಸಮಯ ಉಳಿದರೆ ಶನಿ ಶಿಂಗಣಾಪುರ. ನಾವು ನಾಸಿಕ್‌ಗೆ ಹೊರಟಿದ್ದೇವೆ ಎಂದಾಗ ಅತ್ತೆಯವರು ಕೇಳಿದ ಮೊದಲ ಪ್ರಶ್ನೆ, ಎಷ್ಟು ಸೀಟಿನ ಗಾಡಿ ಮಾಡಿದ್ದೀರಿ ಎಂದು. ಇಬ್ಬರೇ ಹೋಗುತ್ತೇವೆ, ರೈಲಿನಲ್ಲಿ, ದ್ರಾಕ್ಷಿ ತೋಟ ನೋಡಲು ಎಂದೆ. ‘ದ್ರಾಕ್ಷಿ ನೋಡಲು ಟಿಕೋಟಾ ಇಲ್ಲವೇ?’ ಎಂದರು. ನ್ಯಾಯವಾದ ಮಾತೇ. ವಿಜಯಪುರದ ಹತ್ತಿರದ ಟಿಕೋಟಾದಲ್ಲಿ ನಮ್ಮ ಮನೆಯವರ ಸೋದರಮಾವನದೇ ದ್ರಾಕ್ಷಿ ಪಡ, ಅಂದರೆ ತೋಟ ಇದೆ. ಇದು ವೈನ್ ಮಾಡುವ ದ್ರಾಕ್ಷಿ, ಅದನ್ನು ರುಚಿಯೂ ನೋಡುತ್ತೇವೆ ಎಂದು ನೇರವಾಗಿ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತಂಪು ಇರುತ್ತದೆ, ಶಾಲು ಒಯ್ಯಿರಿ’ ಎಂದರು. ದೇವರ ಹೆಸರು ಹೇಳಿ ಹೋಗಿ ಇಂಥ ಜಾಗದ ಫೋಟೊ ಮೊಬೈಲ್‌ನಲ್ಲಿ ಮುಚ್ಚಿಡುವ ದಂಪತಿಗಳನ್ನು ನಾನು ಕಂಡಿದ್ದೇನೆ. ಆ ಕಷ್ಟ ಯಾರಿಗೂ ಬೇಡ.

ಮಕ್ಕಳು ಹಾಸ್ಟೆಲ್ ಸೇರಿದ ಮೇಲೆ ಇಬ್ಬರೇ ಎಲ್ಲಿಗಾದರೂ ಹೋಗಬೇಕೆಂಬ ಮಾತು ಮನೆಯಲ್ಲಿ ಆಗಾಗ ಬರುತ್ತಿತ್ತು. ಅದುವರೆಗೆ ನಾವು ಮಾಡಿದ ಪ್ರಯಾಣವೆಲ್ಲ ಮದುವೆ, ಗೃಹಪ್ರವೇಶ, ಹರಕೆ. ಗೋವಾ ಹತ್ತಿರ, ನಿಜ. ಆದರೆ ಕಲಂಗೂಟ್‌ನಲ್ಲಿ ನಿಂತರೆ ಎಡಕ್ಕೆ ಹುಬ್ಬಳ್ಳಿಯವರು, ಬಲಕ್ಕೆ ಹುಬ್ಬಳ್ಳಿಯವರು. ದ್ರಾಕ್ಷಿ ತೋಟದ ಯೋಚನೆ ಬಂದದ್ದು ನಮ್ಮ ಮನೆಯವರಿಗೆ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ, ಆದರೆ ಬಾಲ್ಯದ ರಜೆಗಳೆಲ್ಲ ಟಿಕೋಟಾದ ಪಡದಲ್ಲೇ ಕಳೆದದ್ದು. ದ್ರಾಕ್ಷಿಯ ವಿಷಯ ಬಂದರೆ ಮಾತು ತಾನಾಗಿ ಬರುತ್ತದೆ. ಮಾತು ಬರುವ ಗಂಡನ ಜೊತೆ ಪ್ರಯಾಣ ಮಾಡುವುದು ನನಗೂ ಬೇಕಾಗಿತ್ತು.

ಹೋಗುವ ಕಾಲದ ಬಗ್ಗೆ ನಾನು ಹಟ ಹಿಡಿದೆ. ನಾಸಿಕ್‌ನಲ್ಲಿ ವೈನ್ ದ್ರಾಕ್ಷಿಯ ಕಟಾವು ಸುಮಾರಾಗಿ ಜನವರಿಯಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಮಳೆಗಾಲದಲ್ಲಿ ಹೋದರೆ ಗುಡ್ಡವೆಲ್ಲ ಹಸಿರಾಗಿರುತ್ತದೆ, ಕೋಣೆಯ ಬಾಡಿಗೆಯೂ ಕಡಿಮೆ ಇರುತ್ತದೆ, ಆದರೆ ಬಳ್ಳಿಯಲ್ಲಿ ಹಣ್ಣಿರುವುದಿಲ್ಲ. ಏಪ್ರಿಲ್‌ನಲ್ಲಿ ಹೋದರೆ ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ ಆಗಿ ಬೋಳು ಕಡ್ಡಿಗಳು ನಿಂತಿರುತ್ತವೆ. ಯುರೋಪಿನಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮ ಕಡೆ ಅದಕ್ಕೆ ನಿದ್ದೆಯೇ ಇಲ್ಲ. ಹಾಗಾಗಿ ಏಪ್ರಿಲ್ ಸುಮಾರಿಗೆ ಒಮ್ಮೆ, ಮಳೆ ಮುಗಿಯುವ ಹೊತ್ತಿಗೆ ಇನ್ನೊಮ್ಮೆ, ವರ್ಷಕ್ಕೆ ಎರಡು ಸಲ ಚಾಟಣಿ ಮಾಡಿ ಒಂದು ಬೆಳೆ ತೆಗೆಯುತ್ತಾರೆ. ಟಿಕೋಟಾದಲ್ಲೂ ಇದೇ ಲೆಕ್ಕ. ನಾವು ಫೆಬ್ರುವರಿಯಲ್ಲಿ, ಅದೂ ವಾರದ ಮಧ್ಯೆ ಹೋದೆವು. ಶನಿವಾರ, ಭಾನುವಾರ ಮುಂಬೈ, ಪುಣೆಯ ಜನರೆಲ್ಲ ಅಲ್ಲಿಗೆ ಬಂದಿಳಿಯುತ್ತಾರೆ. ಜನವರಿ 26ರ ಆಸುಪಾಸಿನಲ್ಲಿ ರಜೆ ಹಾಕುವವರು ಒಂದು ನೆನಪಿಡಬೇಕು, ಅಂದು ಮದ್ಯ ಮಾರಾಟ ಇರುವುದಿಲ್ಲ.

ಕಾರು ಒಯ್ಯದಿರಲು ಕಾರಣ ಸರಳ. ವೈನ್ ರುಚಿ ನೋಡಲು ಹೋಗಿ ಒಬ್ಬರು ಸ್ಟಿಯರಿಂಗ್ ಕಾಯುತ್ತ ನೀರು ಕುಡಿಯುತ್ತ ಕುಳಿತರೆ ಅದು ಇಬ್ಬರ ಪ್ರವಾಸ ಆಗುವುದಿಲ್ಲ. ಧಾರವಾಡದಿಂದ ಪುಣೆ ಮಾರ್ಗವಾಗಿ ನಾಸಿಕ್ ಆರುನೂರು ಕಿಲೋಮೀಟರ್ ಮೀರುತ್ತದೆ, ನಡುವೆ ಒಂದು ರಾತ್ರಿ ತಂಗಲೇಬೇಕು. ನಾವು ಹುಬ್ಬಳ್ಳಿ–ದಾದರ್ ರೈಲು ಹಿಡಿದೆವು. ಕಲ್ಯಾಣದಲ್ಲಿ ಇಳಿದು ನಾಸಿಕ್ ರೋಡ್ ಕಡೆಗೆ ಹೋಗುವ ಇನ್ನೊಂದು ರೈಲು ಹತ್ತಿದರೆ ಆಯಿತು, ಆ ದಾರಿಯಲ್ಲಿ ಗಾಡಿಗಳು ಬೇಕಾದಷ್ಟು. ಕಲ್ಯಾಣದ ಮೇಲ್ಸೇತುವೆಯಲ್ಲಿ ಬೆಳಗಿನ ನೂಕುನುಗ್ಗಲು ಇರುತ್ತದೆ, ಸಾಮಾನು ಕಡಿಮೆ ಇದ್ದಷ್ಟೂ ಸುಖ. ಕಸಾರಾದಲ್ಲಿ ಘಟ್ಟ ಹತ್ತಿಸಲು ಗಾಡಿಯ ಹಿಂದೆ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ. ಅದನ್ನು ನೋಡಲು ಇವರು ಪ್ಲಾಟ್‌ಫಾರ್ಮಿಗೆ ಇಳಿದು ಕೊನೆಯ ಡಬ್ಬಿಯವರೆಗೆ ನಡೆದೇ ಹೋದರು. ಗಾಡಿ ಬಿಟ್ಟರೆ ಗತಿಯೇನು ಎಂದು ನಾನು ಬಾಗಿಲಲ್ಲಿ ನಿಂತು ಕೂಗುತ್ತಿದ್ದೆ. ಮದುವೆಯಾದ ಹೊಸತರಲ್ಲಿ ಅವರು ಹೀಗೆಯೇ ಇದ್ದರು.

ತಂಗಿದ್ದು ಗಂಗಾಪುರ ಅಣೆಕಟ್ಟಿನ ಹಿನ್ನೀರಿನ ಕಡೆ, ತೋಟಗಳ ನಡುವೆಯೇ. ಕೋಣೆ ಆರಿಸುವಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ಕಾಲ್ನಡಿಗೆಯಲ್ಲಿ ಬಳ್ಳಿಗಳ ಸಾಲು ಸಿಗುತ್ತದೆಯೇ? ಊರೊಳಗಿನ ಹೋಟೆಲ್ ಅಗ್ಗ, ಆದರೆ ಬೆಳಗಿನ ಹೊತ್ತು ತಪ್ಪಿಹೋಗುತ್ತದೆ. ಈ ಪ್ರವಾಸದಲ್ಲಿ ದುಡ್ಡು ಖರ್ಚು ಮಾಡುವುದಾದರೆ ಬೆಳಗಿನ ಆ ಹೊತ್ತಿಗೇ ಮಾಡಬೇಕು. ಹಣ್ಣು ಬಿಸಿಯಾದರೆ ಹಾಳು ಎಂದು ಕಟಾವು ನಸುಕಿನಲ್ಲೇ ಶುರುವಾಗುತ್ತದೆ. ಕತ್ತರಿಯ ಚಿಕ್ ಚಿಕ್ ಸದ್ದು, ಪ್ಲಾಸ್ಟಿಕ್ ಕ್ರೇಟುಗಳು, ಮರಾಠಿಯಲ್ಲಿ ನಗೆಚಾಟಿಕೆ. ಅತ್ತೆಯವರು ಹೇಳಿದ ಶಾಲು ಅಲ್ಲೇ ಕೆಲಸಕ್ಕೆ ಬಂತು. ಹನ್ನೊಂದು ಗಂಟೆಗೆ ಬೆವರಿಳಿಸುವ ಬಿಸಿಲು ಇರುವ ಊರಿನಲ್ಲಿ ಆರು ಗಂಟೆಗೆ ಹಲ್ಲು ಕಟಕಟ ಎನ್ನುತ್ತದೆ.

ಅನುಮತಿ ಕೇಳಿ ಶಿರಾಜ್ ಎಂಬ ಕೆಂಪು ವೈನ್ ತಳಿಯ ಬಳ್ಳಿಯ ಸಾಲಿನೊಳಗೆ ಹೋದೆವು. ಟಿಕೋಟಾದ ಪಡದಲ್ಲಿ ಬಳ್ಳಿ ತಲೆಯ ಮೇಲೆ ಹಬ್ಬಿ ನೆರಳು ಕೊಡುತ್ತದೆ. ಇಲ್ಲಿ ತಂತಿಗೆ ಕಟ್ಟಿ ಬೇಲಿಯ ಹಾಗೆ ನೆಟ್ಟಗೆ ನಿಲ್ಲಿಸಿದ್ದರು. ಗೊನೆಗಳು ಸೊಂಟದ ಎತ್ತರದಲ್ಲಿ, ಸಣ್ಣವು, ಒತ್ತಾಗಿ ಹೆಣೆದಂತಿದ್ದವು. ಇವರು ಒಂದು ಹಣ್ಣು ಕಿತ್ತು ಹೆಬ್ಬೆರಳಿನಲ್ಲಿ ಹಿಸುಕಿದರು. ಒಳಗಿನ ರಸಕ್ಕೆ ಬಣ್ಣವೇ ಇರಲಿಲ್ಲ. ಸಿಪ್ಪೆಯನ್ನು ಉಜ್ಜಿದಾಗ ಬೆರಳು ನೇರಳೆ ಬಣ್ಣಕ್ಕೆ ತಿರುಗಿತು. ‘ನೋಡು, ಕೆಂಪೆಲ್ಲ ಸಿಪ್ಪೆಯಲ್ಲೇ ಇದೆ’ ಎಂದರು. ಬೀಜ ಬಾಯಿಗೆ ಹಾಕಿ ಕಟಕ್ಕೆಂದು ಕಡಿದು, ಕಂದು ಬಣ್ಣಕ್ಕೆ ಬಂದಿದೆ, ಹಣ್ಣು ಮಾಗಿದೆ ಎಂದು ತೀರ್ಪು ಕೊಟ್ಟರು. ಪಕ್ಕದಲ್ಲಿದ್ದ ತೋಟದ ಮೇಸ್ತ್ರಿ ಇವರನ್ನು ಎರಡನೇ ಸಲ ನೋಡಿದ. ಆಮೇಲೆ ಇಬ್ಬರೂ ಹಿಂದಿ, ಮರಾಠಿ ಬೆರೆಸಿ ಔಷಧಿ ಹೊಡೆಯುವುದು, ಬೂದಿ ರೋಗ, ಡ್ರಿಪ್ ಎಂದು ಅರ್ಧ ಗಂಟೆ ಮಾತಾಡಿದರು. ನಾನು ಸಾಲಿನ ತುದಿಯಲ್ಲಿ ಕುಳಿತು ಬಿಸಿಲು ಕಾಯಿಸಿಕೊಂಡೆ.

ಆ ಮಾತುಕತೆಯಲ್ಲಿ ನಾನು ಹಿಡಿದುಕೊಂಡದ್ದು ಇಷ್ಟು. ನಾವು ತಿನ್ನುವ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ ದಪ್ಪವಾಗಲೆಂದು ಜಿಬ್ಬರೆಲಿಕ್ ಆಮ್ಲ ಕೊಡುತ್ತಾರೆ. ವೈನ್ ದ್ರಾಕ್ಷಿ ದಪ್ಪವಾದರೆ ನಷ್ಟ. ಹಣ್ಣು ಸಣ್ಣದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆ ಹೆಚ್ಚು, ಬಣ್ಣ ಮತ್ತು ಒಗರು ಇರುವುದು ಆ ಸಿಪ್ಪೆಯಲ್ಲೇ. ಕೆಂಪು ವೈನಿಗೆ ರಸವನ್ನು ಸಿಪ್ಪೆಯ ಜೊತೆಗೇ ಹುದುಗಲು ಬಿಡುತ್ತಾರೆ. ಬಿಳಿಯದಕ್ಕೆ ಮೊದಲೇ ಹಿಂಡಿ ಸಿಪ್ಪೆ ಬೇರೆ ಮಾಡುತ್ತಾರೆ. ಮಧ್ಯಾಹ್ನ ವೈನರಿಯೊಳಗೆ ಕರೆದೊಯ್ದು ತೋರಿಸಿದ್ದೂ ಇದನ್ನೇ. ಎರಡಾಳು ಎತ್ತರದ ಉಕ್ಕಿನ ಟ್ಯಾಂಕುಗಳು, ಅವುಗಳ ಮೈಗೆ ತಣ್ಣೀರು ಹರಿಸುವ ಕವಚ, ಒಳಗಡೆ 225 ಲೀಟರಿನ ಓಕ್ ಪೀಪಾಯಿಗಳು. ಹುದುಗುವ ಕೋಣೆಯ ಬಾಗಿಲು ತೆಗೆದ ಕೂಡಲೇ ಬಂದ ವಾಸನೆ ನನಗೆ ಇಷ್ಟವಾಯಿತು. ಇವರು ಮೂಗು ಮುಚ್ಚಿಕೊಂಡರು.

ರುಚಿ ನೋಡುವ ಕೋಣೆಗಳು ಅಲ್ಲಿ ಹಲವು ಇವೆ. ರಾಜೀವ್ ಸಾಮಂತ್ 1999ರಲ್ಲಿ ಕಟ್ಟಿದ ಸುಲಾ ಎಲ್ಲಕ್ಕಿಂತ ಹೆಸರುವಾಸಿ. ಅದೇ ಗಂಗಾಪುರದ ಸುತ್ತ ಯಾರ್ಕ್, ಸೋಮಾ ಇವೆ. ಇಗತ್‌ಪುರಿ ಕಡೆಗೆ ಹೋದರೆ ವಲೊನ್ನೆ. ಒಂದೇ ದಿನ ಎಲ್ಲವನ್ನೂ ಸುತ್ತುವ ಪ್ಯಾಕೇಜುಗಳಿವೆ. ಬೇಡವೆಂದೆವು. ದಿನಕ್ಕೆ ಒಂದೇ ಜಾಗ, ಮಧ್ಯಾಹ್ನದ ಊಟದ ನಂತರ, ಆಮೇಲೆ ನಿದ್ದೆ. ಒಂದು ಕಡೆ ಡಿಜೆ ಹಾಡಿನ ಅಬ್ಬರದಲ್ಲಿ ಅಲ್ಲಿಯ ಹುಡುಗಿ ಹೇಳುತ್ತಿದ್ದುದು ಏನೂ ಕೇಳಲಿಲ್ಲ. ಎದ್ದು ಬಂದೆವು. ಟೇಸ್ಟಿಂಗ್ ಎಂದರೆ ಐದಾರು ಬಗೆಯ ವೈನನ್ನು ಸ್ವಲ್ಪ ಸ್ವಲ್ಪವೇ ಕೊಡುವುದು, ಇಬ್ಬರಿಗೆ ಎರಡು ತೆಗೆದುಕೊಳ್ಳುವ ಅಗತ್ಯವೂ ಇಲ್ಲ. ಒಂದನ್ನೇ ತೆಗೆದುಕೊಂಡು ಒಂದೇ ಗ್ಲಾಸಿನಿಂದ ಹಂಚಿಕೊಳ್ಳುತ್ತೇವೆ ಎಂದು ಕೇಳಿದೆವು, ನಗುತ್ತಲೇ ಒಪ್ಪಿದರು. ಒಂದೊಂದು ಬಗೆಯದೂ ಎರಡು ಮೂರು ಗುಟುಕು ಇರುತ್ತದೆ. ಆದರೂ ಇದು ಶೇಕಡಾ 12ರಿಂದ 14ರಷ್ಟು ಆಲ್ಕೋಹಾಲ್ ಇರುವ ಪೇಯ. ಐದಾರು ಬಗೆ ಮುಗಿಯುವ ಹೊತ್ತಿಗೆ, ಅಭ್ಯಾಸ ಇಲ್ಲದವರಿಗೆ ಕಿವಿ ಬಿಸಿಯಾಗುತ್ತದೆ. ಬಾಯಲ್ಲಿ ಆಡಿಸಿ ಉಗುಳಲು ಪಾತ್ರೆ ಇಟ್ಟಿರುತ್ತಾರೆ. ಅದನ್ನು ಬಳಸಲು ನಾಚಿಕೆ ಬೇಡ, ಹಳೆಯ ಪರಿಣತರು ಬಳಸುವುದೂ ಅದನ್ನೇ.

ಬಿಳಿಯಿಂದ ಶುರು ಮಾಡಿ ಕೆಂಪಿಗೆ ಹೋಗುವುದು ಕ್ರಮ. ಬಿಳಿಯ ಪೈಕಿ ಸಾವಿನ್ಯೋ ಬ್ಲಾಂಕ್ ಹುಳಿ ಮುಂದಾಗಿ ಬಂತು, ಹಸಿ ಹುಲ್ಲಿನ ಪರಿಮಳ. ಶೆನಿನ್ ಬ್ಲಾಂಕ್ ತುಸು ಸಿಹಿ. ಶಿರಾಜ್ ನಾಲಿಗೆಯ ಮೇಲೆ ನೇರಳೆ ಹಣ್ಣು ತಿಂದ ಹಾಗೆ ಒಗರು ಬಿಟ್ಟು ಹೋಯಿತು. ಇವರಿಗೆ ಅದೇ ಇಷ್ಟವಾಯಿತು. ನನಗೆ ಶೆನಿನ್. ಯಾವುದು ಮೇಲು ಎಂದು ಸಂಜೆಯವರೆಗೂ ವಾದ ಮಾಡಿದೆವು. ಮಕ್ಕಳ ಫೀಸು, ಮನೆಯ ಸಾಲ ಇವುಗಳನ್ನು ಬಿಟ್ಟು ಬೇರೊಂದು ವಿಷಯಕ್ಕೆ ನಾವು ಅಷ್ಟು ಹೊತ್ತು ವಾದ ಮಾಡಿದ್ದು ಎಷ್ಟೋ ಕಾಲದ ಮೇಲೆ.

ಆ ವಾದ ತೀರಿದ್ದು ನಮ್ಮ ಚೀಲದಲ್ಲಿದ್ದ ಬುತ್ತಿಯಿಂದ. ರೈಲಿಗೆಂದು ಕಟ್ಟಿಕೊಂಡಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಉಳಿದಿದ್ದವು. ಕೋಣೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ರೊಟ್ಟಿ ಮುರಿದು, ಚಟ್ನಿಗೆ ಎಣ್ಣೆ ಹಾಕಿ, ಒಂದು ತುತ್ತಿಗೆ ಶಿರಾಜ್, ಇನ್ನೊಂದಕ್ಕೆ ಶೆನಿನ್ ಎಂದು ಪರೀಕ್ಷೆ ಮಾಡಿದೆವು. ಶಿರಾಜ್ ಜೊತೆ ಚಟ್ನಿಯ ಖಾರ ಭಗ್ಗೆಂದು ಎದ್ದಿತು. ಆ ಒಗರು ಖಾರವನ್ನು ಇನ್ನಷ್ಟು ಎತ್ತಿ ಕೊಡುತ್ತದೆ. ತಣ್ಣನೆಯ, ತುಸು ಸಿಹಿಯಾದ ಶೆನಿನ್ ಖಾರವನ್ನು ಇಳಿಸಿ ಶೇಂಗಾದ ರುಚಿಯನ್ನು ಮಾತ್ರ ಬಾಯಲ್ಲಿ ಉಳಿಸಿತು. ಇವರು ಸೋಲೊಪ್ಪದೆ ಧಾರವಾಡ ಪೇಢೆ ತೆಗೆದರು. ಪೇಢೆ ತಿಂದು ಮತ್ತೆ ಶಿರಾಜ್ ಕುಡಿದರೆ ವೈನ್ ಬರೀ ಹುಳಿ. ತಿಂಡಿ ವೈನಿಗಿಂತ ಸಿಹಿಯಾಗಿದ್ದರೆ ಹೀಗೆಯೇ ಆಗುವುದು. ಉತ್ತರ ಕರ್ನಾಟಕದ ಊಟ ಉಣ್ಣುವವರಿಗೆ ನನ್ನ ಸಲಹೆ ಇದೊಂದೇ: ತುಸು ಸಿಹಿಯಿರುವ ಬಿಳಿಯನ್ನು ಚೆನ್ನಾಗಿ ತಣ್ಣಗೆ ಮಾಡಿ ಕುಡಿಯಿರಿ. ಕೆಂಪೇ ಬೇಕೆನ್ನುವವರು ಚಟ್ನಿಯನ್ನು ದೂರವಿಡಿ.

ಸಂಜೆಗೆಂದು ನಾವು ಏನನ್ನೂ ಗೊತ್ತು ಮಾಡಿಕೊಂಡಿರಲಿಲ್ಲ. ಹಿನ್ನೀರಿನ ದಂಡೆಯವರೆಗೆ ನಡೆದು ಹೋಗಿ ಬರುತ್ತಿದ್ದೆವು, ಅಷ್ಟೇ. ಒಂದು ಸಂಜೆ ಗುಲಾಬಿ ಎಸಳು, ಮೇಣದಬತ್ತಿಗಳ ನಡುವೆ ವಿಶೇಷ ಊಟ ಮಾಡಿಸುತ್ತೇವೆ ಎಂದು ರಿಸೆಪ್ಷನ್‌ನವರು ಕೇಳಿದರು. ದರ ಕೇಳಿದ ಇವರು ಬ್ಯಾಂಕಿನವರ ಮುಖ ಮಾಡಿದರು. ನನಗೂ ಬೇಕಿರಲಿಲ್ಲ. ಯಾರೋ ಜೋಡಿಸಿಟ್ಟ ಮೇಜಿನ ಮುಂದೆ ಕುಳಿತು ಪ್ರೀತಿಯ ಮುಖ ಮಾಡುವುದು ಫೋಟೊ ತೆಗೆಸಿಕೊಳ್ಳುವವರ ಕೆಲಸ.

ಹೊರಡುವಾಗ ಬಾಟಲಿ ತರಲಿಲ್ಲ. ರಾಜ್ಯದ ಗಡಿ ದಾಟಿ ಮದ್ಯ ಸಾಗಿಸುವುದು ಅಬಕಾರಿ ನಿಯಮಕ್ಕೆ ಒಳಪಡುತ್ತದೆ, ರೈಲಿನಲ್ಲಿ ಅದನ್ನು ಹೊತ್ತು ಆ ತಲೆನೋವು ಯಾರಿಗೆ ಬೇಕು. ಬರುವ ಟಿಕೆಟ್ಟನ್ನು ಮಾತ್ರ ಹೋಗುವಾಗಿನದರ ಜೊತೆಯೇ ಮಾಡಿಸಿಡಿ. ಬುಕಿಂಗ್ ತೆರೆಯುವುದು 60 ದಿನ ಮುಂಚೆ, ಹುಬ್ಬಳ್ಳಿ ಗಾಡಿಗೆ ಬೇಡಿಕೆ ಯಾವಾಗಲೂ ಇದ್ದದ್ದೇ.

ಊರಿಗೆ ಬಂದ ಮೇಲೆ ಟಿಕೋಟಾಕ್ಕೆ ಹೋದೆವು. ಅಲ್ಲಿ ಆಗ ಒಣದ್ರಾಕ್ಷಿಯ ಸುಗ್ಗಿ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ನೀರಿನಲ್ಲಿ ಅದ್ದಿದ ಗೊನೆಗಳನ್ನು ಶೆಡ್ಡಿನ ಬಲೆಗಳ ಮೇಲೆ ಹರಡಿದ್ದರು. ಇವರು ಉತ್ಸಾಹದಲ್ಲಿ ಮಾವನ ಮುಂದೆ ನಾಸಿಕ್‌ನ ಕಥೆಯೆಲ್ಲ ಬಿಚ್ಚಿಟ್ಟರು, ಒಂದು ಎಕರೆಗಾದರೂ ವೈನ್ ತಳಿ ಹಾಕಬಾರದೇಕೆ ಎಂದೂ ಕೇಳಿದರು. ಮಾವ ತಾಳ್ಮೆಯಿಂದ ಕೇಳಿಸಿಕೊಂಡರು. ‘ತಮ್ಮಾ, ದರ ಬಿದ್ದರೆ ನಾನು ಒಣದ್ರಾಕ್ಷಿಯನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಬಾಗಿಲು ಹಾಕಿ ಬರುತ್ತೇನೆ, ದರ ಎದ್ದಾಗ ತೆಗೆಯುತ್ತೇನೆ. ನೀನು ಹೇಳುವ ಹಣ್ಣನ್ನು ಕಿತ್ತ ದಿನವೇ ಹಿಂಡಬೇಕು. ಕಂಪನಿಯವನು ಅಂದು ಬೇಡವೆಂದರೆ ನಾನು ಎಲ್ಲಿಗೆ ಒಯ್ಯಲಿ?’ ಎಂದರು. ಇವರ ಹತ್ತಿರ ಉತ್ತರವಿರಲಿಲ್ಲ. ಆದರೆ ಶಿರಾಜ್ ಬಳ್ಳಿಯ ಫೋಟೊಗಳನ್ನು ಮಾವ ದೊಡ್ಡದು ಮಾಡಿ ಮಾಡಿ ನೋಡಿದರು. ಕಡ್ಡಿಯ ದಪ್ಪ ನೋಡಿದರು, ಸಾಲಿನ ಅಂತರ ಎಷ್ಟಡಿ ಎಂದು ಕೇಳಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಇವರು, ‘ಮುಂದಿನ ಫೆಬ್ರುವರಿಗೆ ಮಾವನನ್ನೂ ಕರೆದುಕೊಂಡು ಹೋಗೋಣವೇ? ಖುಷಿಪಡುತ್ತಾರೆ’ ಎಂದರು. ನೀವಿಬ್ಬರೂ ಜನವರಿಯಲ್ಲೇ ಹೋಗಿ ಬನ್ನಿ, ಫೆಬ್ರುವರಿಗೆ ನಾವು ಹೋಗೋಣ ಎಂದೆ.