ಮೇನ್ ಮುಟ್ಬೇಡಿ, ಬ್ರ್ಯಾಂಚ್ ಮಾಡ್ಕೊಳ್ಳಿ

ನಾಲ್ಕು ಜನ ಸೇರ್ಕೊಂಡು ಒಂದು ಆ್ಯಪ್ ಮಾಡ್ತಿದ್ದೀರ, ಎಲ್ರೂ ಸೀದಾ ಮೇನ್‌ಗೇ ಪುಶ್ ಮಾಡ್ತಿದ್ದೀರ (ಎಲ್ರೂ ಬಳಸೋ ಮುಖ್ಯ ಕೋಡ್‌ಗೇ ನಿಮ್ ಬದಲಾವಣೆ ಕಳಿಸೋದು) ಅಂದ್ರೆ ಯಾವತ್ತಾದ್ರೂ ಒಬ್ಬರ ಅರ್ಧಂಬರ್ಧ ಕೋಡ್‌ನಿಂದ ಎಲ್ರ ಕೆಲ್ಸಾನೂ ನಿಲ್ಲೋದು ಗ್ಯಾರಂಟಿ. ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ಗಿಟ್ (ಕೋಡ್ ಬದಲಾವಣೆಗಳ ಲೆಕ್ಕ ಇಡೋ ಟೂಲ್) ಬರೆದಿದ್ದೇ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೋಸ್ಕರ, ಅಲ್ಲಿ ಊರಿಗೆ ಊರೇ ಕೋಡ್ ಕಳಿಸುತ್ತೆ, ಹಾಗಾಗಿ ಬ್ರ್ಯಾಂಚ್ (ಮೇನ್ ಮುಟ್ಟದೆ ಕೆಲ್ಸ ಮಾಡೋಕೆ ಒಂದು ಪ್ರತ್ಯೇಕ ಕವಲು) ಅನ್ನೋದು ಇದರಲ್ಲಿ ಪುಕ್ಕಟೆ ಇದ್ದಂಗೆ. ಸಾಮಾನ್ಯವಾಗಿ ಅದೊಂದು 41 ಬೈಟ್‌ನ ಫೈಲ್ ಅಷ್ಟೇ, ಒಳಗೆ ಒಂದು ಕಮಿಟ್‌ನ (ಗಿಟ್‌ನಲ್ಲಿ ಸೇವ್ ಮಾಡಿಟ್ಟ ಬದಲಾವಣೆಯ) ನಂಬರ್ ಇರುತ್ತೆ. ಜುಗ್ಗತನ ಬೇಡ, ಒಂದೊಂದು ಕೆಲ್ಸಕ್ಕೂ ಒಂದೊಂದು ಮಾಡಿ.

ಟರ್ಮಿನಲ್‌ನಲ್ಲಿ ಮೊದ್ಲು 'ಗಿಟ್ ಸ್ವಿಚ್ ಮೇನ್' ಹೊಡೆದು ಮೇನ್‌ಗೆ ಬನ್ನಿ, ಆಮೇಲೆ ಹೊಸ ಕೋಡ್ ಇಳಿಸ್ಕೊಳ್ಳೋಕೆ 'ಗಿಟ್ ಪುಲ್'. ಇದನ್ನ ಬಿಟ್ರೆ ಹಳೇ ಕೋಡ್ ಮೇಲೆ ಕೆಲ್ಸ ಶುರು ಮಾಡ್ದಂಗೆ. ಆಮೇಲೆ 'ಗಿಟ್ ಸ್ವಿಚ್ -ಸಿ ಲಾಗಿನ್-ಎರರ್', ಆ ಹೆಸರಿನ ಹೊಸ ಬ್ರ್ಯಾಂಚ್ ರೆಡಿ. ಸ್ವಿಚ್ ಬಂದಿದ್ದು 2019ರಲ್ಲಿ, ಹಳಬರು ಈಗ್ಲೂ 'ಚೆಕ್‌ಔಟ್ -ಬಿ' ಅಂತಾನೇ ಹೊಡೀತಾರೆ, ಎರಡೂ ಒಂದೇ. ಹೆಸ್ರು ಮಾತ್ರ 'ಟೆಸ್ಟ್2', 'ನ್ಯೂ' ಅಂತೆಲ್ಲ ಇಡ್ಬೇಡಿ, ಏನ್ ಕೆಲ್ಸ ಅಂತ ಹೆಸ್ರಲ್ಲೇ ಗೊತ್ತಾಗ್ಬೇಕು.

ಕೋಡ್ ಬರೀರಿ, ಕಮಿಟ್ ಮಾಡಿ, 'ಗಿಟ್ ಪುಶ್ -ಯು ಆರಿಜಿನ್ ಲಾಗಿನ್-ಎರರ್' ಕೊಡಿ. ನೀವು ಕೋಡ್ ಇಡೋ ಸೈಟ್ ಗಿಟ್‌ಲ್ಯಾಬ್ ಆದ್ರೆ ಟರ್ಮಿನಲ್‌ನಲ್ಲೇ ಮರ್ಜ್ ರಿಕ್ವೆಸ್ಟ್‌ಗೆ (ನನ್ ಬ್ರ್ಯಾಂಚ್‌ನ ಮೇನ್‌ಗೆ ಸೇರಿಸಿ ಅನ್ನೋ ಕೋರಿಕೆ) ಲಿಂಕ್ ಬರುತ್ತೆ, ಗಿಟ್‌ಹಬ್‌ನೋರು ಅದನ್ನೇ ಪುಲ್ ರಿಕ್ವೆಸ್ಟ್ ಅಂತಾರೆ. ಗ್ನೋಮ್ (ಲಿನಕ್ಸ್‌ನ ಒಂದು ಡೆಸ್ಕ್‌ಟಾಪ್) ಥರದ ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಹೊಸಬ್ರಿಗೆ ಸೀದಾ ಪುಶ್ ಮಾಡೋ ಪರ್ಮಿಶನ್ ಇರಲ್ಲ, ಫೋರ್ಕ್ (ಪ್ರಾಜೆಕ್ಟ್‌ನ ನಿಮ್ದೇ ಒಂದು ಕಾಪಿ) ಮಾಡ್ಕೊಂಡು ಅಲ್ಲಿಂದ ಕಳಿಸ್ಬೇಕು.

ಈಗ ಆ ರಿಕ್ವೆಸ್ಟ್‌ನ ಡಿಸ್ಕ್ರಿಪ್ಶನ್. ಜನ ಎಡವೋದೇ ಇಲ್ಲಿ. ಏನ್ ಬದಲಾಯ್ತು ಅಂತ ಡಿಫ್ (ಹಳೇ, ಹೊಸ ಕೋಡ್‌ನ ವ್ಯತ್ಯಾಸ) ನೋಡಿದ್ರೆ ಗೊತ್ತಾಗುತ್ತೆ, ಯಾಕೆ ಬದಲಾಯಿಸಿದ್ರಿ, ಹೇಗೆ ಟೆಸ್ಟ್ ಮಾಡೋದು ಅಂತ ಬರೀರಿ, ಸ್ಕ್ರೀನ್ ಬದಲಾಗಿದ್ರೆ ಸ್ಕ್ರೀನ್‌ಶಾಟ್ ಹಾಕಿ, 'ಕ್ಲೋಸಸ್ #12' ಅಂತ ಸೇರಿಸಿದ್ರೆ ಮೇನ್‌ಗೆ ಮರ್ಜ್ ಆದಾಗ ಆ ನಂಬರಿನ ಇಶ್ಯೂ (ಸೈಟ್‌ನಲ್ಲಿ ಬರೆದಿಟ್ಟ ತೊಂದರೆ) ತಾನಾಗೇ ಮುಚ್ಚಿಕೊಳ್ಳುತ್ತೆ. ಕೆಲ್ಸ ಇನ್ನೂ ಮುಗ್ದಿಲ್ವಾ, ಗಿಟ್‌ಲ್ಯಾಬ್‌ನಲ್ಲಿ ಟೈಟಲ್ ಮುಂದೆ 'ಡ್ರಾಫ್ಟ್:' ಹಾಕಿ, ಯಾರೂ ಅವಸರಕ್ಕೆ ಮರ್ಜ್ ಒತ್ತೋಕಾಗಲ್ಲ. ಇನ್ನೊಂದು, ರಿಕ್ವೆಸ್ಟ್ ಚಿಕ್ಕದಿರ್ಲಿ. ಐವತ್ತು ಲೈನ್ ಕಳಿಸಿದ್ರೆ ಹತ್ತು ತಪ್ಪು ಹುಡುಕ್ತಾರೆ, ಎರಡು ಸಾವಿರ ಲೈನ್ ಕಳಿಸಿದ್ರೆ 'ಚೆನ್ನಾಗಿದೆ' ಅಂತ ಅಪ್ರೂವ್ ಮಾಡಿ ಊಟಕ್ಕೆ ಹೋಗ್ತಾರೆ.

ರಿವ್ಯೂನಲ್ಲಿ ಏನಾದ್ರೂ ತಿದ್ದೋಕೆ ಹೇಳಿದ್ರೆ ಹೊಸ ರಿಕ್ವೆಸ್ಟ್ ಬೇಡ, ಅದೇ ಬ್ರ್ಯಾಂಚ್‌ಗೆ ಕಮಿಟ್ ಮಾಡಿ ಪುಶ್ ಮಾಡಿ, ಅಲ್ಲೇ ಸೇರ್ಕೊಳ್ಳುತ್ತೆ.

ಕಾನ್‌ಫ್ಲಿಕ್ಟ್ ಬಂತಾ? ಗಾಬರಿ ಆಗ್ಬೇಡಿ. ನೀವು ತಿದ್ದಿದ ಲೈನ್‌ನೇ ಬೇರೆಯವರೂ ತಿದ್ದಿದ್ದಾರೆ ಅಷ್ಟೇ. ನಿಮ್ ಬ್ರ್ಯಾಂಚ್‌ನಲ್ಲಿದ್ದುಕೊಂಡು 'ಗಿಟ್ ಫೆಚ್', ಆಮೇಲೆ 'ಗಿಟ್ ಮರ್ಜ್ ಆರಿಜಿನ್/ಮೇನ್' ಕೊಡಿ. ಫೈಲ್‌ನಲ್ಲಿ <<<<<<< ಮತ್ತು ======= ನಡುವೆ ಇರೋದು ನಿಮ್ದು, ಅಲ್ಲಿಂದ >>>>>>> ತನಕ ಮೇನ್‌ದು. (ಮರ್ಜ್ ಬದಲು ರೀಬೇಸ್, ಅಂದ್ರೆ ನಿಮ್ ಕಮಿಟ್‌ಗಳನ್ನ ಮೇನ್ ಮೇಲೆ ಮತ್ತೆ ಜೋಡಿಸೋದು, ಮಾಡಿದ್ರೆ ಇದು ಉಲ್ಟಾ, ಅದಕ್ಕೇ ತಲೆ ಕೆಡೋದು.) ಯಾವುದು ಬೇಕೋ ಇಟ್ಕೊಂಡು ಗುರುತುಗಳನ್ನ ಅಳಿಸಿ ಕಮಿಟ್ ಮಾಡಿ. ಎರಡೂ ಬೇಕಾಗಿರೋದೂ ಉಂಟು, ಅನುಮಾನ ಇದ್ರೆ ಆ ಲೈನ್ ಬರೆದವರನ್ನ ಒಂದ್ಸಲ ಕೇಳ್ಬಿಡಿ.

ಪೈಪ್‌ಲೈನ್ (ತಾನಾಗೇ ಓಡೋ ಟೆಸ್ಟ್‌ಗಳು) ಹಸಿರಾಯ್ತು, ಅಪ್ರೂವಲ್ ಸಿಕ್ತು, ಮರ್ಜ್ ಒತ್ತಿ. ಆಮೇಲೆ ನಿಮ್ ಲ್ಯಾಪ್‌ಟಾಪ್‌ನಲ್ಲಿ ಮತ್ತೆ ಮೇನ್‌ಗೆ ಬಂದು ಪುಲ್ ಮಾಡಿ, 'ಗಿಟ್ ಬ್ರ್ಯಾಂಚ್ -ಡಿ ಲಾಗಿನ್-ಎರರ್' ಅಂತ ಹಳೇದನ್ನ ಅಳಿಸಿ. ಸ್ಕ್ವಾಶ್ ಮಾಡಿ (ಎಲ್ಲಾ ಕಮಿಟ್‌ಗಳನ್ನ ಒಂದೇ ಮಾಡಿ) ಮರ್ಜ್ ಮಾಡಿದ್ರೆ 'ಇದಿನ್ನೂ ಮರ್ಜ್ ಆಗಿಲ್ಲ' ಅಂತ ಗಿಟ್ ತಕರಾರು ಮಾಡಬಹುದು, ಅಳಿಸೋಕೆ ಬಿಡದಿದ್ರೆ ಮೇನ್‌ನಲ್ಲಿ ನಿಮ್ ಕೋಡ್ ಇದೆಯಾ ನೋಡ್ಕೊಂಡು ಕ್ಯಾಪಿಟಲ್ ಡಿ ಹಾಕಿ.