ಹಸಿವಿಲ್ಲದ ಮೀನಿಗೆ ಗುಲಾಬಿ ಗಾಳ

ನಮ್ಮ ತೀರ್ಥಹಳ್ಳಿ ಕಡೆ ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತುತ್ತವೆ. ಹತ್ತುಮೀನು ಅಂತಲೇ ಹೆಸರು. ಟಾರ್ಚು, ಕತ್ತಿ ಹಿಡಿದು ಅಪ್ಪನ ಹಿಂದೆ ಹೋಗಿ ನಾನೂ ಕಡಿದವನೇ. ಹಾಗಾಗಿ 2011ರ ಆಗಸ್ಟ್ ಕೊನೆಯಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಮನ್ರೋ ಊರಿನ ಹತ್ತಿರ ಸ್ಕೈಕೋಮಿಶ್ ಹೊಳೆಯಲ್ಲಿ ಪಿಂಕ್ ಸಾಲ್ಮನ್‌ಗಳು ಹಿಂಡುಹಿಂಡಾಗಿ ಬೆನ್ನು ತೋರಿಸುತ್ತ ಮೇಲೇರುವುದನ್ನು ನೋಡಿದಾಗ, ಇದೇನು ಮಹಾ ಅನ್ನಿಸಿತ್ತು. ಆ ವರ್ಷ ಐದು ಬೆಳಗು ಹೋದೆ. ನ್ಯಾಯವಾಗಿ ಹಿಡಿದದ್ದು ಒಂದೂ ಇಲ್ಲ.

ಸೋತರೆ ಮುಂದಿನ ವರ್ಷ ನೋಡಿಕೊಳ್ಳೋಣ ಅನ್ನುವ ಹಾಗೂ ಇಲ್ಲ. ಈ ಮೀನಿನ ಆಯುಸ್ಸು ಎರಡೇ ವರ್ಷ. ಮರಿ ಜಲ್ಲಿಯೊಳಗಿಂದ ವಸಂತದಲ್ಲಿ ಎದ್ದ ಕೂಡಲೇ ಸಮುದ್ರಕ್ಕೆ ಇಳಿಯುತ್ತದೆ, ಒಂದೂವರೆ ವರ್ಷ ಉಪ್ಪುನೀರಿನಲ್ಲಿ ಬೆಳೆದು ಮೊಟ್ಟೆಯಿಡಲು ವಾಪಸು ಬರುತ್ತದೆ, ಇಟ್ಟು ಸಾಯುತ್ತದೆ. ಸಿಯಾಟಲ್ ಸುತ್ತಿನ ಹೊಳೆಗಳಿಗೆ ದೊಡ್ಡ ಹಿಂಡು ಬರುವುದು ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ. 2011 ಕಳೆದರೆ 2013.

ಆ ಎರಡು ವರ್ಷದ ನಡುವೆ ಒಮ್ಮೆ ಫೋನಿನಲ್ಲಿ ಅಪ್ಪನಿಗೆ ಹೇಳಿದೆ: ಇವು ಸಿಹಿನೀರಿಗೆ ಬಂದ ಮೇಲೆ ತಿನ್ನುವುದನ್ನೇ ಬಿಡುತ್ತವೆ ಅಂತ. "ಹಸಿವೇ ಇಲ್ಲದ್ದು ನಿನ್ನ ಗಾಳಕ್ಕೆ ಯಾಕೆ ಬಾಯಿ ಹಾಕ್ತದೆ ಮಾರಾಯ?" ಅಂದರು. ನಾನು ಹಾಕುವ ಗಾಳ ಫ್ಲೈ, ಅಂದರೆ ಕೊಕ್ಕೆಗೆ ಪುಕ್ಕ ಸುತ್ತಿ ಕಟ್ಟಿದ್ದು; ಅದನ್ನು ನಿಜವಾದ ನೊಣ ಅಂದುಕೊಂಡಿದ್ದ ಅಮ್ಮ ಹಿಂದಿನಿಂದ ನಕ್ಕಳು. ಅಪ್ಪನ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಆದರೆ ನನ್ನ ತಪ್ಪು ಎಲ್ಲಿತ್ತು ಅನ್ನುವುದು ಆ ಮಾತಿನಿಂದಲೇ ಹೊಳೆಯಿತು. ಹಸಿದ ಮೀನಿಗೆ ಗಾಳ ಹಾಕುವವನ ಹಾಗೆ, ತಪ್ಪಿಸಿಕೊಂಡು ಓಡುವ ಮರಿಮೀನಿನಂತೆ ಕಾಣಲಿ ಅಂತ, ನಾನು ಫ್ಲೈಯನ್ನು ಸರಸರ ಎಳೆಯುತ್ತಿದ್ದೆ. ಮೀನು ದಟ್ಟವಾಗಿದ್ದಲ್ಲಿ ಹಾಗೆ ಎಳೆದರೆ ಕೊಕ್ಕೆ ಸಿಗುವುದು ಬಾಯಿಗಲ್ಲ, ರೆಕ್ಕೆಗೋ ಹೊಟ್ಟೆಗೋ. ಆ ವರ್ಷ ಹಾಗೆ ಆರೇಳು ಸಿಕ್ಕಿದ್ದವು. ಬಾಯಿಯ ಒಳಗೆ ಸಿಕ್ಕಿಕೊಳ್ಳದ ಮೀನನ್ನು ಇಟ್ಟುಕೊಳ್ಳುವ ಹಾಗಿಲ್ಲ, ಎಲ್ಲವನ್ನೂ ಬಿಟ್ಟೆ. ಕತ್ತಿಯಲ್ಲಿ ಕಡಿದ ಕೈಗೆ ಇದು ಮೊದಮೊದಲು ತಮಾಷೆಯಾಗಿ ಕಂಡಿತು, ಸುಳ್ಳೇಕೆ ಹೇಳಲಿ. ಈಗಂತೂ ಬಾಯಿಗೆ ಸಿಕ್ಕಿದ್ದಕ್ಕೂ ಮೈಗೆ ಸಿಕ್ಕಿದ್ದಕ್ಕೂ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಬಾಯಿಗೆ ಸಿಕ್ಕಿದ್ದು ತಲೆ ಕೊಡವುತ್ತದೆ. ಮೈಗೆ ಸಿಕ್ಕಿದ್ದು ತಲೆ ಕೊಡವದೆ ಹೊಳೆ ಇಳಿದು ಓಡುತ್ತದೆ.

2013ಕ್ಕೆ ರಾಡ್ ಅದೇ: ಒಂಬತ್ತು ಅಡಿಯದು, ಆರು ನಂಬರಿನ ಲೈನಿಗೆ ಹೊಂದುವಂಥದ್ದು. ಸರಾಸರಿ ಎರಡು ಕಿಲೋ ತೂಗುವ ಮೀನಿಗೆ ಅಷ್ಟು ಸಾಕು. ಬದಲಾಯಿಸಿದ್ದು ಲೈನು. ಪೂರ್ತಿ ತೇಲುವುದರ ಬದಲು ತುದಿ ಮುಳುಗುವ ಸಿಂಕ್ ಟಿಪ್ ಹಾಕಿ, ಅದರ ಮುಂದೆ ಲೀಡರ್, ಅಂದರೆ ಫ್ಲೈ ಕಟ್ಟುವ ತೆಳು ದಾರ, ನಾಲ್ಕೇ ಅಡಿ ಕಟ್ಟಿದೆ. ಉದ್ದ ಲೀಡರ್ ಕಟ್ಟಿದರೆ ಲೈನು ಮುಳುಗಿದರೂ ಫ್ಲೈ ಮೇಲೇ ಉಳಿಯುತ್ತದೆ, ಮೀನು ಇರುವುದು ತಳದ ಹತ್ತಿರ. ಫ್ಲೈ ನಾನೇ ಕಟ್ಟಿದ್ದು: ಆರು ನಂಬರಿನ ಕೊಕ್ಕೆ, ಸರಪಣಿ ಮಣಿಯ ಕಣ್ಣು, ಗುಲಾಬಿ ಬಣ್ಣದ ಟರ್ಕಿ ಕೋಳಿ ಪುಕ್ಕ, ಎರಡೆಳೆ ಮಿಂಚುವ ದಾರ. ಮರಬೂ ಅಂತ ಅಂಗಡಿಯಲ್ಲಿ ಕೊಡುವುದು ಈ ಪುಕ್ಕವನ್ನೇ. ನೀರಲ್ಲಿ ಸುಮ್ಮನೆ ನಿಂತರೂ ಉಸಿರಾಡಿದ ಹಾಗೆ ಅಲ್ಲಾಡುತ್ತದೆ. ಗುಲಾಬಿಯೇ ಯಾಕೆ ಅಂತ ಕೇಳಬೇಡಿ. ಕಪ್ಪು, ನೀಲಿ, ಹಸಿರು ಎಲ್ಲ ಕಟ್ಟಿ ನೋಡಿ ಗುಲಾಬಿಗೇ ವಾಪಸು ಬಂದವನು ನಾನು. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಡುತ್ತೇನೆ, ಬಿಡುವ ಮೀನು ಬೇಗ ಬಿಡಿಸಿಕೊಳ್ಳಲಿ ಅಂತ.

ಸಿಯಾಟಲ್ ಹತ್ತಿರದ ಬಾತೆಲ್‌ನಿಂದ ಕತ್ತಲಲ್ಲೇ ಹೊರಟು ಬೆಳಕು ಹರಿಯುವಷ್ಟರಲ್ಲಿ ನೀರಿಗಿಳಿದೆ. ಮೀನು ಎಗರುವ ಕಡೆಯಲ್ಲೆಲ್ಲ ಜನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಎಗರುವ ಮೀನು ಗಾಳ ಕಚ್ಚುವುದು ನಾನಂತೂ ನೋಡಿದ್ದು ಕಡಿಮೆ. ಅಲ್ಲಿಂದ ಇನ್ನೂರು ಗಜ ಕೆಳಗೆ, ಮನುಷ್ಯ ನಡೆಯುವ ವೇಗದಲ್ಲಿ ಹರಿಯುವ, ಎದೆಯಾಳದ ಒಂದು ಪಟ್ಟಿ ಇತ್ತು. ಮೇಲೇರುವ ಮೀನು ಅಲ್ಲಿ ದಣಿವಾರಿಸಿಕೊಳ್ಳುತ್ತದೆ. ಅಡ್ಡಕ್ಕೆ, ಸ್ವಲ್ಪ ಕೆಳಗಿನ ಕಡೆಗೆ ಎಸೆದು, ಹರಿವಿಗೆ ಬಾಗುವ ಲೈನಿನ ನಡುಭಾಗವನ್ನು ಒಮ್ಮೆ ಹೊಳೆಯ ಮೇಲಿನ ಕಡೆಗೆ ಎತ್ತಿ ಹಾಕಿ, ಹೊಳೆಯೇ ಅದನ್ನು ದಂಡೆಯ ಕಡೆ ತೂಗಿಕೊಂಡು ಬರಲು ಬಿಟ್ಟೆ. ಕೊನೆಗೆ ಗೇಣುಗೇಣಾಗಿ, ನಡುನಡುವೆ ನಿಲ್ಲಿಸಿ ಎಳೆದೆ. ಇದು ಬೇಜಾರು ಹಿಡಿಸುವಷ್ಟು ನಿಧಾನ. ಕೈ ತಾನಾಗಿ ವೇಗ ಹಿಡಿಯುತ್ತಿತ್ತು, ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ.

ನಲವತ್ತು ನಿಮಿಷ ಏನೂ ಇಲ್ಲ. ಎರಡು ಸಲ ಏನೋ ತಾಗಿದ ಹಾಗಾಗಿ ಹೋಯಿತು. ಕೊಕ್ಕೆ ನೋಡಿದರೆ ಮೊನೆಯೇ ಇಲ್ಲ! ಹಿಂದಕ್ಕೆ ಬೀಸುವಾಗ ಲೈನು ಇಳಿದು ದಂಡೆಯ ಕಲ್ಲಿಗೆ ಬಡಿದಿತ್ತು. ಎಷ್ಟು ಹೊತ್ತು ಮೊನೆಯಿಲ್ಲದ ಗಾಳದಲ್ಲಿ ಭಕ್ತಿಯಿಂದ ಮೀನು ಹಿಡಿಯುತ್ತಿದ್ದೆನೋ. ಅಂದಿನಿಂದ ಹತ್ತು ಎಸೆತಕ್ಕೊಮ್ಮೆ ಮೊನೆಯನ್ನು ಉಗುರಿಗೆ ಒತ್ತಿ ನೋಡುತ್ತೇನೆ.

ಹೊಸ ಫ್ಲೈ ಕಟ್ಟಿದ ಮೂರನೇ ಎಸೆತಕ್ಕೆ, ತೂಗು ಮುಗಿಯುವ ಜಾಗದಲ್ಲಿ, ಒದ್ದೆ ಎಲೆ ಸಿಕ್ಕಿಕೊಂಡ ಹಾಗೆ ಲೈನು ಭಾರವಾಯಿತು. ರಾಡ್ ಎತ್ತಲಿಲ್ಲ, ಲೈನು ಹಿಡಿದ ಕೈಯನ್ನು ಹಿಂದಕ್ಕೆ ಎಳೆದೆ. ಎಲೆ ತಲೆ ಕೊಡವಿತು. ಐದಾರು ನಿಮಿಷ ಅದು ಅತ್ತ, ನಾನು ಇತ್ತ. ದಂಡೆಗೆ ತಂದಾಗ ನೋಡಿದೆ, ಕೊಕ್ಕೆ ಬಾಯಿಯ ಒಳಗೇ ಇತ್ತು. ಬಾಲದ ತುಂಬ ಮೊಟ್ಟೆಯಾಕಾರದ ದೊಡ್ಡ ಕಪ್ಪು ಚುಕ್ಕೆ, ರಾಗಿಯಷ್ಟು ಸಣ್ಣ ಹುರುಪೆ. ಪಿಂಕೇ. ಗುರುತು ಖಾತ್ರಿಯಾಗುವ ತನಕ ನೀರಿನಿಂದ ಎತ್ತಬಾರದು, ಬಿಡಬೇಕಾದ ಸಾಲ್ಮನ್ನನ್ನು ಪೂರ್ತಿ ಮೇಲೆತ್ತುವುದೇ ಅಲ್ಲಿ ಅಪರಾಧ. ಗಂಡಾದ್ದರಿಂದ ಬೆನ್ನು ಗೂನಾಗಲು ಶುರುವಾಗಿತ್ತು; ಅಲ್ಲಿನವರು ಇದನ್ನು ಹಂಪಿ ಅನ್ನುವುದು ಅದಕ್ಕೇ. ಹೆಸರು ಕೇಳಿದಾಗಲೆಲ್ಲ ನನಗೆ ವಿರೂಪಾಕ್ಷನ ಗೋಪುರ ನೆನಪಾಗುತ್ತದೆ.

ಕಿವಿರು ಕತ್ತರಿಸಿ ರಕ್ತ ಇಳಿಸಿ, ಹಿಡಿದ ಮೀನಿನ ಲೆಕ್ಕದ ಕಾರ್ಡಿನಲ್ಲಿ ಪೆನ್ನಿನಿಂದ ಬರೆದು, ಐಸಿನಲ್ಲಿ ಹೂತೆ. ಇಷ್ಟನ್ನು ತಕ್ಷಣ ಮಾಡದಿದ್ದರೆ ಈ ಮೀನಿನ ಮಾಂಸ ಮಧ್ಯಾಹ್ನದೊಳಗೆ ಮೆತ್ತಗಾಗುತ್ತದೆ. ಆ ಬೆಳಗು ಇನ್ನೊಂದು ಸಿಕ್ಕಿತು, ಎರಡು ತಪ್ಪಿಸಿಕೊಂಡವು. ತಿನ್ನಲಿಕ್ಕೇ ಹಿಡಿಯುವುದಾದರೆ ಸ್ನೊಹೋಮಿಶ್ ಪಟ್ಟಣದ ಕೆಳಗೆ, ಉಬ್ಬರದ ಹೊತ್ತಿಗೆ ಹೋಗುವುದು ಒಳ್ಳೆಯದು. ಅಲ್ಲಿ ಸಿಗುವುದು ಆಗಷ್ಟೇ ಸಮುದ್ರ ಬಿಟ್ಟ, ಬೆಳ್ಳಿ ಮೈಯ ಮೀನು.

ಸಂಜೆ ಅಮ್ಮನ ಲೆಕ್ಕದಂತೆ ಹುಳಿ ಹಾಕಿ ಸಾರು ಮಾಡಿದೆವು. ಒಂದು ಕುದಿಗೇ ಹೋಳೆಲ್ಲ ಪುಡಿ. ಉಳಿದದ್ದಕ್ಕೆ ಖಾರ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿಯಲ್ಲಿ ಹುರಿದೆವು, ಅದು ಚೆನ್ನಾಗಿತ್ತು. ವಿಡಿಯೋದಲ್ಲಿ ಸಾರಿನ ಪಾತ್ರೆ ನೋಡಿದ ಅಪ್ಪ, "ಎರಡು ವರ್ಷ ಕಾದು ಇದನ್ನ ಹಿಡಿದ್ಯಾ?" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಆ ಗುಲಾಬಿ ಪುಕ್ಕ ಬರುವಾಗ ಎರಡು ತಗೊಂಡು ಬಾ, ನಮ್ಮ ಹೊಳೇಲೂ ಹಾಕಿ ನೋಡುವ" ಅಂದರು.